ಅಜ್ಜ ಇಡದೆ ಬಿಟ್ಟ ಹೆಸರು

ಮೆಲ್ಬರ್ನ್‌ನ ಕ್ಲೇಟನ್ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೊಮ್ಮಗಳಿಗೆ ಹೆಸರು ಹುಡುಕುತ್ತ ಪ್ರಾಚೀನ ಕಾವ್ಯದ ಪುಟ ಮಗುಚುತ್ತಿದ್ದ ಚೀನೀ ಅಜ್ಜ ತಟ್ಟನೆ ಪುಸ್ತಕ ಮುಚ್ಚಿ ಕಣ್ಣೊರೆಸಿಕೊಂಡರು. ಹಿಂದಿನ ದಿನವಷ್ಟೇ ಹೆತ್ತು ಮಲಗಿದ್ದ ನಾನು ಗಾಬರಿಯಾಗಿ, ಪಕ್ಕದ ಹಾಸಿಗೆಯಲ್ಲಿದ್ದ ಅವರ ಮಗಳತ್ತ ನೋಡಿದೆ.

“ಚೆಂದದ ಸಾಲೊಂದು ಸಿಕ್ತು. ಆದ್ರೆ ಅದ್ರಲ್ಲಿ ತೀರಿಹೋದ ನಮ್ಮಮ್ಮನ ಹೆಸರಿದೆ. ಹಿರಿಯರ ಹೆಸರು ಮಗುಗೆ ಇಟ್ರೆ ನಮ್ಮಲ್ಲಿ ಅಗೌರವ,” ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು.

ನನ್ನ ಮಗಳಿಗೆ, ತೀರಿಕೊಂಡ ನನ್ನಮ್ಮನ ಹೆಸರನ್ನೇ ಇಡುತ್ತಿದ್ದೇವೆ, ಸರೋಜ ಎಂದೆ. ಮಗಳ ಬಾಯಿಂದ ಅದನ್ನು ತಿಳಿದ ಅಜ್ಜ ನನ್ನ ಮಗುವಿನ ತೊಟ್ಟಿಲ ಬಳಿ ಬಂದು ಮೆಲ್ಲಗೆ ಏನೋ ನುಡಿದರು. ಅವರ ಮಗಳು ತಿಳಿಸಿದಳು: “ನೀವು ಪುಣ್ಯ ಮಾಡಿದ್ದೀರಂತೆ. ಇನ್ಮೇಲೆ ದಿನಾ ಅಮ್ಮನ್ನ ಕರೀಬಹುದಂತೆ.”

ಅಲ್ಲಿಯವರೆಗೂ ಆ ಹೆಸರು ಬಾಯಿಗೆ ಬಾರದೆ ‘ಪುಟ್ಟಿ’ ಎನ್ನುತ್ತಿದ್ದೆ. ವರ್ಷಗಳು ಕಳೆದಿವೆ; ಈಗ ಮನೆಯಲ್ಲಿ ‘ಸರೋಜಾ’ ಎಂದು ಕೂಗಿದರೆ ‘ಕಮಿಂಗ್ ಅಮ್ಮಾ!’ ಎಂದು ಒಳಗಿನಿಂದ ಉತ್ತರ ಬರುತ್ತದೆ.