ನಡುಗದ ಮೇಕೆ

ಪಟ್ಟಣದವರನ್ನು ಶಿಖರದ ಬುಡದ ಸರೋವರಕ್ಕೆ ಹತ್ತಿಸಿ, ಕತ್ತಲಾಗುವುದರೊಳಗೆ ಇಳಿಸಿ ತರುವುದು ನನ್ನ ಭಾವ ಉಜಾಗರನ ಬೇಸಿಗೆಯ ದುಡಿಮೆಯಾಗಿತ್ತು. ಬಾಯಿ ಜೋರು, ಜಂಬ ಅದಕ್ಕಿಂತ ಜೋರು. ಶಿಖರಕ್ಕೆ ಮೋಡ ಕವಿದರೆ ಎಂಥ ದೊಡ್ಡ ಮನುಷ್ಯನನ್ನೂ ಗದರಿಸಿ ಹಿಂದಕ್ಕೆ ತಿರುಗಿಸುತ್ತಿದ್ದ. ಮನೆಯಲ್ಲಿ ಮಾತ್ರ ನನ್ನಕ್ಕ ಚಂಚಲೋ ಕಣ್ಣು ಬಿಟ್ಟರೆ ಬಾಲ ಮುದುರುತ್ತಿದ್ದ.

ಆ ಭಾದ್ರಪದದಲ್ಲಿ ಸರೋವರಕ್ಕೆ ಹೊರಟದ್ದು ಅಕ್ಕ, ಭಾವ, ನಾನು, ಮೂವರೇ. ಜ್ವರದಿಂದ ಸಾಯಬೇಕಿದ್ದ ಮಗ ರೋಶು ಬದುಕಿದ್ದಕ್ಕೆ ಅಕ್ಕ ಶಿಖರದ ಶಿವ ಭೋಲೇನಾಥನಿಗೆ ಮೇಕೆಯ ಹರಕೆ ಹೊತ್ತಿದ್ದಳು. ಕಡಿಯುವುದು ಊರ ಗುಡಿಯಲ್ಲಿ. ಅದಕ್ಕೆ ಮುಂಚೆ ಸರೋವರದ ನೀರು ಚಿಮುಕಿಸಿದಾಗ ಮೇಕೆ ಮೈ ನಡುಗಿಸಬೇಕು. ನಡುಗಿದರೆ ದೇವರು ಒಪ್ಪಿದ ಹಾಗೆ. ಇಲ್ಲದಿದ್ದರೆ ಹರಕೆ ಹೊತ್ತವಳು ಅಲ್ಲಿಂದ ಕದಲುವಂತಿಲ್ಲ; ಕದಲಿದರೆ ಉಳಿದ ಜೀವಕ್ಕೇ ಕುತ್ತು.

ದಂಡೆಯಲ್ಲಿ ಅಕ್ಕ ಮಿಂದು ನೀರು ಚಿಮುಕಿಸಿದಳು. ಮೇಕೆ ಸುಮ್ಮನೆ ನಿಂತಿತ್ತು. ಮತ್ತೆ ಮತ್ತೆ ಚಿಮುಕಿಸಿದಳು. ನೀರು ಕಪ್ಪಗಾಗತೊಡಗಿತು, ತಲೆಯೆತ್ತಿದರೆ ಶಿಖರ ಅರ್ಧ ಮಾಯವಾಗಿತ್ತು. ನನಗೆ ನಿಜಕ್ಕೂ ಭಯವಾಯಿತು.

“ಹೊರಡೇ, ಮೋಡ ಇಳೀತಿದೆ,” ಎಂದ ಭಾವ.

“ದೇವರು ಹ್ಞೂಂ ಅನ್ನಲಿಲ್ಲವಲ್ರೀ! ಆ ಜಂಬ ಬಿಟ್ಟು ಅವನಿಗೆ ಒಂದ್ಸಲ ತಪ್ಪಾಯ್ತು ಅನ್ನಿ.”

“ಅಂತೀನಿ ಮಹಾರಾಯ್ತಿ. ನೀನು ಕಣ್ಮುಚ್ಚಿ ಕೈಮುಗಿ.”

ಅವಳು ಕಣ್ಣು ಮುಚ್ಚಿದಳು. ಭಾವ ನನ್ನನ್ನು ದುರುಗುಟ್ಟಿ ನೋಡಿ, ಬೊಗಸೆ ನೀರನ್ನು ಮೇಕೆಯ ಕಿವಿಯೊಳಗೆ ಸುರಿದ. ಮೇಕೆ ಇಡೀ ಮೈ ನಡುಗಿಸಿ ಕೊಡವಿತು. ಕಣ್ತೆರೆದ ಅಕ್ಕ ಸಂತೋಷಕ್ಕೆ ಅತ್ತೇಬಿಟ್ಟಳು.

ಇಳಿಯುವಾಗ ಅವಳನ್ನು ಹಿಡಿಯುವವರೇ ಇರಲಿಲ್ಲ. ಮಂಜು ಕವಿಯುತ್ತಿದ್ದರೂ ಹಾಡುತ್ತ ಮುಂದೆ ಮುಂದೆ ನಡೆದಳು. ತೊರೆಯ ಮೇಲೆ ಹೆಪ್ಪುಗಟ್ಟಿ ನಿಂತಿದ್ದ ಹಿಮದ ಸೇತುವೆ ಬೆಳಿಗ್ಗೆಯೇ ಬಿರುಕು ಬಿಟ್ಟಿತ್ತು.

“ಅಲ್ಲಿ ಕಾಲಿಡಬೇಡ! ಸುತ್ತಿ ಹೋಗೋಣ!” ಭಾವ ಕೂಗಿದ.

“ಅವನೇ ಒಪ್ಪಿದ ಮೇಲೆ ಹೆದರಿಕೆ ಏನ್ರೀ? ಬಂದ್ಬಿಟ್ರು ದೊಡ್ಡ ಗೈಡು!” ನಗುತ್ತ ಕಾಲೆತ್ತಿದಳು.

“ಅವನು ಒಪ್ಪಿಲ್ಲ ಕಣೇ! ಕಿವಿಗೆ ನೀರು ಹಾಕಿದ್ದು ನಾನು!”

ಅಕ್ಕ ಹಿಂದೆ ಸರಿದಳು. ಭಾವ ಉಸಿರು ಬಿಟ್ಟು, ಬೈಗುಳ ತಿನ್ನಲು ತಲೆ ತಗ್ಗಿಸಿ ನಿಂತ. ಅವಳು ಬೈಯಲಿಲ್ಲ. “ನನ್ನ ರೋಶು,” ಎಂದಳು, ಅಷ್ಟೇ. ಅವನ ಕೈಯಿಂದ ಮೇಕೆಯ ಹಗ್ಗ ಕಿತ್ತುಕೊಂಡು, ಬಂದ ದಾರಿಯಲ್ಲೇ ಮೋಡದೊಳಕ್ಕೆ ಹತ್ತತೊಡಗಿದಳು.

“ನೀನು ಕೆಳಗೆ ಹೋಗು, ಮನೇಲಿರೋ ಹುಡುಗನ್ನ ನೋಡ್ಕೋ!” ಎಂದು ನನಗೆ ಕೂಗಿ ಭಾವ ಅವಳ ಹಿಂದೆ ಓಡಿದ. ಅವಳ ಹೆಸರು ಕರೆಯುವ ಅವನ ದನಿ ಸ್ವಲ್ಪ ಹೊತ್ತು ಕೇಳಿಸಿತು.

ರೋಶು ನನ್ನ ಮನೆಯಲ್ಲೇ ದೊಡ್ಡವನಾದ.