ವಸ್ತಾದರು ಕೂಗಿದ ‘ಹೊಡಿ’

ನನ್ನ ಮುಂದಿನ ಎರಡು ಹಲ್ಲಿಗೆ ಎರಡು ಸಾವಿರದ ನಾನೂರು ಪೌಂಡ್ ಬಿತ್ತು. ಡೆಂಟಿಸ್ಟ್ ಮೊದಲು ಕೇಳಿದ್ದು ಮೂರು ಸಾವಿರ. ಎರಡನ್ನೂ ಒಟ್ಟಿಗೆ ಹಾಕಿಸಿಕೊಳ್ಳುತ್ತೇನೆ, ಹಣ ಮೊದಲೇ ಕೊಡುತ್ತೇನೆ ಎಂದು ಇಳಿಸಿದೆ. ಡಾಂಬರಿಗೆ ಮುಖ ಉಜ್ಜಿ ಹೋದ ಹಲ್ಲುಗಳು ಅವು. ಅದೇ ದಿನ ಹೋದ ಇನ್ನೊಂದಕ್ಕೆ ಯಾರೂ ದರ ಹೇಳಲಿಲ್ಲ. ಹೇಳಿದ್ದರೆ ಅದರಲ್ಲೂ ನಾನು ಚೌಕಾಸಿ ಮಾಡುತ್ತಿದ್ದೆನೇನೋ.

ನಮ್ಮ ವಸ್ತಾದರ ಎಡಗಿವಿ ಮುಷ್ಟಿಯಲ್ಲಿ ಹಿಸುಕಿ ಒಣಗಲು ಬಿಟ್ಟ ಹಿಟ್ಟಿನ ಉಂಡೆಯಂತಿತ್ತು. ಬೆಳಗಾವಿ ಕಡೆಯ ಗರಡಿಯಲ್ಲಿ ಹುಡುಗನಾಗಿದ್ದಾಗಲೇ ತಲೆಗೆ ತಲೆ ತಿಕ್ಕಿ ತಿಕ್ಕಿ ಹಾಗಾದದ್ದು. ಕುಸ್ತಿ ಕಲಿಸುವವರನ್ನು ಅಲ್ಲಿ ವಸ್ತಾದ ಎನ್ನುತ್ತಾರೆ. ಇವರು ನಮಗೆ ಕಲಿಸಿದ್ದು ಕುಸ್ತಿಯಲ್ಲ, ಸ್ಕೀ. ಕುಸ್ತಿಯಿಂದ ಸೈನ್ಯಕ್ಕೆ ಹೋಗಿ, ಕಾಶ್ಮೀರದ ಹಿಮದಲ್ಲಿ ಸ್ಕೀ ಕಲಿತು, ನರ್ಸ್ ಆಗಿದ್ದ ಹೆಂಡತಿಯ ಹಿಂದೆ ಲಂಡನ್ನಿಗೆ ಬಂದು ಇಪ್ಪತ್ತೇಳು ವರ್ಷ ಬಸ್ಸು ನಡೆಸಿದವರು. ಲಂಡನ್ನಿನಲ್ಲಿ ಹಿಮ ಎಲ್ಲಿಯದು? ಅದಕ್ಕೇ ಚಕ್ರದ ಸ್ಕೀ. ಮೊಳಕಾಲುದ್ದದ ಎರಡು ಪಟ್ಟಿಗಳು, ಹಿಂದೆ ಮುಂದೆ ಗಾಲಿ, ಕೈಗೆ ಮೂತಿ ಚೂಪಾದ ಎರಡು ಕೋಲು. ಬ್ರೇಕ್ ಇಲ್ಲ. ಚಳಿಗಾಲ ಬರುವ ಮೊದಲು ಅದರ ಮೇಲೆಯೇ ರೇಸು ನಡೆಸಿ ಸ್ಕೀ ತಂಡಗಳು ಮೈ ಕಾಯಿಸಿಕೊಳ್ಳುತ್ತವೆ.

ನಾನು ಕುಂದಾಪುರದವನು. ಇದೇ ಲಂಡನ್ನಿನ ಹ್ಯಾರೋದ ಹೋಟೆಲಿನಲ್ಲಿ ಪಾತ್ರೆ ತಿಕ್ಕಿ, ಕ್ವೀನ್ಸ್‌ಬರಿಯಲ್ಲಿ ಸ್ವಂತ ಅಂಗಡಿ ಮಾಡಿದೆ. ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆ, ಮೈ ಬೆವರಿಸು ಎಂದು ನಮ್ಮ ಜಿಪಿ ಡಾಕ್ಟರು ಹೆದರಿಸಿದಾಗ ಜಿಮ್ಮುಗಳ ದರ ವಿಚಾರಿಸಿದೆ. ವಸ್ತಾದರು ಪುಕ್ಕಟೆ ಎಂದು ಗೊತ್ತಾಯಿತು. ಸೇರಿದೆ.

ಪುಕ್ಕಟೆ ಸಿಗುವುದು ಎಷ್ಟು ದುಬಾರಿ ಎಂದು ಮೊದಲ ಭಾನುವಾರವೇ ತಿಳಿಯಿತು. ಗಾಲಿ ಕಟ್ಟಿ ನಿಲ್ಲಿಸಿ, ಎದೆಗೆ ಕೈ ಕೊಟ್ಟು ಹುಲ್ಲಿನ ಮೇಲೆ ಕೆಡವಿದರು. ಎದ್ದೆ, ಕೆಡವಿದರು. ಹದಿನಾಲ್ಕು ಸಲ. “ಮೊದಲ ಬೀಳಾಕ ಕಲಿ ತಮ್ಮಾ, ನಿಂದರೂದು ಆಮ್ಯಾಗ” ಎಂದರು. ಮೊಣಕಾಲು ಬಗ್ಗದಿದ್ದರೆ ಕೋಲಿನಿಂದ ಮೀನಖಂಡಕ್ಕೆ ಬಾರಿಸುತ್ತಿದ್ದರು. ನಮ್ಮ ತಂಡದಲ್ಲಿದ್ದ ಇಂಗ್ಲಿಷ್ ಲಾಯರೊಬ್ಬ ಇದು ಕಾನೂನಿಗೆ ವಿರುದ್ಧ ಎಂದ, ಆದರೆ ಮರುವಾರ ಅವನೇ ಎಲ್ಲರಿಗಿಂತ ಮೊದಲು ಬಂದಿದ್ದ. ಯಾರಾದರೂ ಡಾಂಬರಿನಲ್ಲಿ ಬಿದ್ದು ತೊಗಲು ಸುಲಿದುಕೊಂಡರೆ ಅದೇ ವಸ್ತಾದರು ಮಂಡಿಯೂರಿ ಕೂತು, ಹಲ್ಲುಜ್ಜುವ ಬ್ರಷ್ಷಿನಿಂದ ಗಾಯದೊಳಗಿನ ಮರಳನ್ನು ಒಂದೊಂದಾಗಿ ತೆಗೆಯುತ್ತಿದ್ದರು. ನಾವು ಕಿರುಚಿದರೆ ಹಾಡು ಗುನುಗುತ್ತಿದ್ದರು.

ನಮ್ಮಿಬ್ಬರಿಗೆ ಒಂದು ಮಾತಿನ ಜಗಳವಿತ್ತು. ತಂಡದ ವ್ಯಾನಿನ ಕೀ ಎಸೆದು, “ಇವತ್ತ ಗಾಡಿ ನೀ ಹೊಡಿ” ಎಂದಿದ್ದರು ಒಮ್ಮೆ. ಹೊಡೆಯಲು ಅದೇನು ಎಮ್ಮೆಯಾ, ನಮ್ಮೂರಿನಲ್ಲಿ ಗಾಡಿ ‘ಬಿಡುದು’ ಎಂದೆ. ಅವರು ಹೊಟ್ಟೆ ಹಿಡಿದು ನಕ್ಕರು. “ನಮ್ಮ ಕಡೆ ಗಾಡಿ ಬಿಡೂದಂದ್ರ ಎತ್ತಿನ ಕೊಳ್ಳ ಬಿಚ್ಚಿ ಮೇಯಾಕ ಬಿಡೂದಪಾ. ಕೆಲಸ ಮುಗೀತು ಅಂದಂಗ.” ಅಂದಿನಿಂದ ಅವರು ಹೊಡಿ ಎನ್ನುವುದು, ನಾನು ಬಿಡು ಎನ್ನುವುದು, ಇಬ್ಬರೂ ಸೋಲಲಿಲ್ಲ. ಟ್ರ್ಯಾಕಿನ ಅಂಚಿನಲ್ಲಿ ನಿಂತು ಅವರು ಕೂಗುತ್ತಿದ್ದುದೂ ಅದನ್ನೇ. ಹೊಡಿ, ಹೊಡಿ. ಜೋರಾಗಿ ಓಡಿಸು, ಕೋಲು ನೆಲಕ್ಕೆ ಗಟ್ಟಿಯಾಗಿ ಊರು ಎಂದು ಅರ್ಥ. ತಂಡದಲ್ಲಿದ್ದ ಕನ್ನಡ ಬಾರದ ಆರು ಜನರಿಗೂ ಅದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ ಎನ್ನಲು ಬರುವುದಿಲ್ಲ.

ನನ್ನ ಹಲ್ಲು ಹೋದ ಆ ರೇಸು ಸ್ಟ್ರಾಟ್‌ಫರ್ಡಿನಿಂದಾಚೆ ಒಂದು ಸೈಕಲ್ ಸರ್ಕ್ಯೂಟಿನಲ್ಲಿ, ಅಕ್ಟೋಬರಿನ ಒಂದು ಬೆಳಿಗ್ಗೆ. ಕೊನೆಯ ಸುತ್ತಿನ ಇಳಿಜಾರಿನಲ್ಲಿ ಬೇರೆ ಕ್ಲಬ್ಬಿನ ಕೆಂಪು ಹೆಲ್ಮೆಟ್‌ನವನು ನನ್ನ ಎರಡು ಸ್ಕೀಗಳ ನಡುವೆ ಕೋಲು ತೂರಿಸಿದ. ಬೇಕೆಂದೇ ತೂರಿಸಿದ. ನಾನು ಮುಖ ಅಡಿಯಾಗಿ ಬಿದ್ದು ಎರಡು ಮಾರು ಜಾರಿದೆ. ಬಾಯಲ್ಲಿ ಕಲ್ಲಿನಂಥದ್ದು ಸಿಕ್ಕಿತು, ಉಗುಳಿದೆ, ನನ್ನದೇ ಹಲ್ಲು. ಎದ್ದೆ. ಗಲ್ಲದಿಂದ ರಕ್ತ ಎದೆಯ ನಂಬರಿನ ಮೇಲೆ ಇಳಿಯುತ್ತಿತ್ತು. ಏರಿನಲ್ಲಿ ಅವನ ಪಕ್ಕಕ್ಕೆ ಬಂದೆ. ಅವನು ನನ್ನ ಬಾಯಿ ನೋಡಿ ನಕ್ಕ. ಬೇಲಿಯ ಆಚೆಯಿಂದ ವಸ್ತಾದರು ಗಂಟಲು ಹರಿಯುವಂತೆ ಕೂಗಿದರು: “ಹೊಡಿ ತಮ್ಮಾ, ಹೊಡಿ.”

ಹೊಡೆದೆ.

ಕೋಲಿನ ಮೂತಿ ಅವನ ಕಣ್ಣಿನ ಕೆಳಗೆ ಹೊಕ್ಕು ಕೆನ್ನೆಯನ್ನು ಕಿವಿಯವರೆಗೆ ಸೀಳಿತು. ಅವನು ಕಬ್ಬಿಣದ ಬೇಲಿಗೆ ಬಡಿದು ಬಿದ್ದ. ಭುಜದ ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಅಲ್ಲಿಗೆ ನಿಲ್ಲಲಿಲ್ಲ. ಬಿದ್ದವನ ಬೆನ್ನಿಗೆ ಎರಡು ಬಾರಿಸಿದೆ. ಮೂರನೆಯದಕ್ಕೆ ಕೈ ಎತ್ತಿದಾಗ ಹಿಂದಿನಿಂದ ಕುತ್ತಿಗೆಗೆ ಒಂದು ತೋಳು ಬಿತ್ತು. ಅರವತ್ತೆಂಟರ ವಸ್ತಾದರು ನನ್ನನ್ನು ಹೆಗಲ ಮೇಲಿಂದ ಒಗೆದು, ಎದೆಯ ಮೇಲೆ ಮಂಡಿಯಿಟ್ಟು ಅಮುಕಿ ಹಿಡಿದರು. ಅವರು ಅಳುತ್ತಿದ್ದರು.

ಆಂಬ್ಯುಲೆನ್ಸ್ ಬರುವಷ್ಟರಲ್ಲಿ ರೇಸಿನ ಮುಖ್ಯಸ್ಥೆ ನಮ್ಮಿಬ್ಬರನ್ನು ಒಂದು ಕ್ಯಾಬಿನ್ನಿನಲ್ಲಿ ಕೂರಿಸಿದಳು. ಯಾರೋ ತೆಗೆದ ವಿಡಿಯೊ ಅವಳ ಕೈಯಲ್ಲಿತ್ತು. ಪೊಲೀಸರನ್ನು ಕರೆಯಬೇಕೇ ಎನ್ನುವುದು ಪ್ರಶ್ನೆ. ನನ್ನ ಅಂಗಡಿಯಲ್ಲಿ ಬಿಯರು, ವೈನು ಮಾರುವ ಲೈಸೆನ್ಸಿಗೆ ಆಗಷ್ಟೇ ಕೌನ್ಸಿಲ್ಲಿಗೆ ಅರ್ಜಿ ಹಾಕಿದ್ದೆ. ಹೊಡೆದಾಟದ ಕೇಸು ಬಿದ್ದರೆ ಆ ಅರ್ಜಿ ಸತ್ತಂತೆ, ಹದಿನೆಂಟು ವರ್ಷದ ದುಡಿಮೆಯೂ ಸತ್ತಂತೆ. ವಿಡಿಯೊದಲ್ಲಿ ಈ ಮನುಷ್ಯ ಏನು ಕೂಗುತ್ತಿದ್ದಾನೆ ಎಂದು ಅವಳು ಕೇಳಿದಳು. ನಾನು ವ್ಯಾಪಾರಿ. ಎದುರಿನವರ ಬಾಯಿಂದ ಬಂದ ಪ್ರಶ್ನೆಯಲ್ಲಿ ಲಾಭ ಎಲ್ಲಿದೆ ಎಂದು ನನಗೆ ಥಟ್ಟನೆ ಕಾಣುತ್ತದೆ.

ಹಲ್ಲಿಲ್ಲದ ಬಾಯಲ್ಲಿ ಹೇಳಿದೆ: ಹೊಡಿ. ನಮ್ಮ ಭಾಷೆಯಲ್ಲಿ ಹಿಟ್ ಎಂದರ್ಥ.

ಅದು ಸುಳ್ಳಲ್ಲ, ನೋಡಿ. ಅದೇ ಅದರ ವಿಷ.

ಅವಳು ವಸ್ತಾದರ ಕಡೆ ತಿರುಗಿ, ಹೌದಾ, ಬೇರೆ ಅರ್ಥವಿದೆಯಾ ಎಂದು ಕೇಳಿದಳು. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಒಂದೇ ಮಾತು ಸಾಕಿತ್ತು, ಡ್ರೈವ್ ಅಂತಲೂ ಆಗುತ್ತದೆ ಎಂದು. ಇಪ್ಪತ್ತೇಳು ವರ್ಷ ಬಸ್ಸು ಹೊಡೆದ ಮನುಷ್ಯ ಆ ಮಾತು ಹೇಳಲಿಲ್ಲ. ಇಲ್ಲ ಮೇಡಂ, ಒಂದೇ ಅರ್ಥ, ಹೊಡೆಯಲು ಹೇಳಿದ್ದು ನಾನೇ ಎಂದರು ಇಂಗ್ಲಿಷಿನಲ್ಲಿ, ಬಸ್ಸಿನ ಮುಂದಿನ ಸ್ಟಾಪು ಹೇಳಿದಷ್ಟು ಸಲೀಸಾಗಿ.

ಸ್ಟ್ರೆಚರಿನ ಮೇಲಿದ್ದ ಕೆಂಪು ಹೆಲ್ಮೆಟ್‌ನವನಿಗೂ ತಾನು ಕೋಲು ತೂರಿಸಿದ್ದು ವಿಡಿಯೊದಲ್ಲಿದೆ ಎಂದು ಗೊತ್ತಾಗಿತ್ತು. ನನ್ನ ಮೇಲೆ ದೂರು ಬೇಡ, ಹೊಡೆಸಿದ ಮುದುಕ ಮಾತ್ರ ಇನ್ನು ಯಾವ ರೇಸಿನಲ್ಲೂ ಕಾಣಬಾರದು ಎಂದು ಹೇಳಿ ಕಳಿಸಿದ. ನನಗೆ ಒಂದು ವರ್ಷ ರೇಸು ಬಂದ್. ವಸ್ತಾದರಿಗೆ ಆಯುಷ್ಯವಿಡೀ.

ವ್ಯಾನಿನ ಹತ್ತಿರ ಬಂದಾಗ ನಾನು ಏನೋ ಹೇಳಲು ಬಾಯಿ ತೆರೆದೆ, ರಕ್ತವೇ ಬಂತು. ಅವರು ಕೀಯನ್ನು ನನ್ನ ಅಂಗೈಯಲ್ಲಿಟ್ಟು, ಪಕ್ಕದ ಸೀಟಿನಲ್ಲಿ ಕೂತು, ಬೆಲ್ಟು ಹಾಕಿಕೊಂಡರು.

“ಗಾಡಿ ಬಿಡು” ಎಂದರು.

ಅಷ್ಟು ವರ್ಷಗಳಲ್ಲಿ ಅವರು ನನ್ನೂರಿನ ಮಾತು ಆಡಿದ್ದು ಅದೊಂದೇ ಸಲ. ಅಥವಾ ಅದು ಅವರ ಊರಿನದ್ದೇ ಆಗಿತ್ತೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವರು ಮತ್ತೆ ಕೋಲು ಮುಟ್ಟಲಿಲ್ಲ. ಭಾನುವಾರಗಳಲ್ಲಿ ಹ್ಯಾರೋದ ಮನೆಯ ಕಿಟಕಿಯಲ್ಲಿ ಕೂರುತ್ತಿದ್ದರಂತೆ. ನನ್ನ ಲೈಸೆನ್ಸು ಬಂತು. ಮಿಠಾಯಿ ಒಯ್ದು ಕೊಟ್ಟೆ, ಒಂದು ತುಂಡು ಮುರಿದು ತಿಂದರು. ಎರಡನೆಯ ಚಳಿಗಾಲದಲ್ಲಿ ಅವರ ಹೃದಯ ನಿಂತುಹೋಯಿತು. ಚಿತಾಗಾರದಲ್ಲಿ ಪೆಟ್ಟಿಗೆ ಒಳಗೆ ಸರಿಯುವಾಗ ನಮ್ಮ ತಂಡದ ಆರೂ ಜನ, ಯಾರೂ ಹೇಳಿಕೊಡದೆ, ಮೆಲ್ಲಗೆ, ತಮ್ಮ ಇಂಗ್ಲಿಷ್ ನಾಲಿಗೆಯಲ್ಲಿ, “ಹೋಡಿ, ಹೋಡಿ” ಎಂದರು. ಅದರ ಅರ್ಥ ಅವರಿಗೆ ಸರಿಯಾಗಿ ಗೊತ್ತಿತ್ತು. ನಾನೊಬ್ಬ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಈಗ ನಿಮಗೆ. ಚಕ್ರದ ಸ್ಕೀ ಕಲಿಯುವುದಾದರೆ ಮೊದಲ ತಿಂಗಳು ಹುಲ್ಲು ಬಿಡಬೇಡಿ. ಹಲ್ಲು ಕಟ್ಟಿಸುವುದಿದ್ದರೆ ಎರಡು ಕಡೆ ದರ ಕೇಳಿ, ಮೊದಲು ಹೇಳಿದ ದರಕ್ಕೆ ಒಪ್ಪಬೇಡಿ. ನಿಮ್ಮವರ ಮಾತಿಗೆ ಅರ್ಥ ಹೇಳಿ ಎಂದು ಯಾರಾದರೂ ಕೇಳಿದರೆ, ಅದಕ್ಕೆ ಎರಡು ಅರ್ಥವಿದ್ದರೆ, ಎರಡನ್ನೂ ಹೇಳಿ. ಆಗಲೇ ಹೇಳಿ. ಎರಡನೆಯದನ್ನು ನಾನು ಇಲ್ಲಿ ಹೇಳುತ್ತಿದ್ದೇನೆ, ತಡವಾಗಿ, ಕೇಳಬೇಕಾದ ಆ ಮುಖ್ಯಸ್ಥೆಗೆ ಓದಲು ಬಾರದ ಭಾಷೆಯಲ್ಲಿ. ಈ ವಾರ ಇಂಗ್ಲಿಷಿನಲ್ಲಿ ಬರೆದು ಅವಳಿಗೂ ಕಳಿಸುತ್ತೇನೆ.