ಮತ್ತೆ ಬಗ್ಗಲು ಕಲಿತದ್ದು

ನಾನು ಹುಟ್ಟುವಾಗ ತಲೆಯ ಬದಲು ಕಾಲು ಮುಂದೆ ಬಂದಿತ್ತಂತೆ. ಹಾಗೆ ಹುಟ್ಟಿದವರು ತುಳಿದರೆ ಸೊಂಟದ ಉಳುಕು ಹೋಗುತ್ತದೆಂದು ನಮ್ಮ ಕಡೆ ನಂಬಿಕೆ. ನಮ್ಮ ಕುಂದಲಹಳ್ಳಿ ಇನ್ನೂ ರಾಗಿ ಹೊಲಗಳ ಊರಾಗಿದ್ದಾಗ, ನಾನು ಹಲ್ಲುಜ್ಜುವ ಮೊದಲೇ ಯಾರಾದರೊಬ್ಬರು ನಮ್ಮ ಜಗಲಿಯ ಮೇಲೆ ಬೋರಲು ಮಲಗಿರುತ್ತಿದ್ದರು. ಅಜ್ಜಿ ನನ್ನ ಕೈ ಹಿಡಿದುಕೊಂಡು, “ಮೆಲ್ಲಗೆ ಕಾಲಿಡವ್ವ” ಅನ್ನುತ್ತಿದ್ದಳು. ಎದ್ದವರು ಬೆಲ್ಲದ ಚೂರು ಕೊಟ್ಟು ಹೋಗುತ್ತಿದ್ದರು. ಅವರ ನೋವು ವಾಸಿಯಾಗುತ್ತಿತ್ತೋ ಇಲ್ಲವೋ, ನನಗೆ ಬೆಲ್ಲವಂತೂ ಖಾತ್ರಿ.

ಆ ಹೊಲಗಳು ಈಗಿಲ್ಲ. ನಾನು ಮದುವೆಯಾದದ್ದೂ ಇದೇ ಊರಿನಲ್ಲಿ. ನಮ್ಮ ಮನೆಯ ಮೇಲೆ ಎರಡು ಮಹಡಿ ಎದ್ದಿವೆ. ಐಟಿ ಕಂಪನಿಗಳಿಗೆ ಹೋಗುವ ಹುಡುಗಿಯರು ಅಲ್ಲಿ ಪಿ.ಜಿ.ಯಾಗಿ ಬಾಡಿಗೆಗಿದ್ದಾರೆ, ಅವರಿಗೆ ಅಡುಗೆ ನನ್ನದು. ಹೋದ ವರ್ಷ ಒಂದು ಬೆಳಿಗ್ಗೆ ದೋಸೆ ಹಿಟ್ಟಿನ ದೊಡ್ಡ ಪಾತ್ರೆ ಎತ್ತಲು ಬಗ್ಗಿದವಳಿಗೆ ಸೊಂಟದಲ್ಲಿ ಚಳುಕು ಹೊಡೆಯಿತು. ಪಾತ್ರೆ ಅಲ್ಲೇ ಉಳಿಯಿತು, ನಾನೂ ಅರ್ಧ ಬಗ್ಗಿದಂತೆಯೇ ಉಳಿದೆ. ಗಂಡ ಬಂದು ಗೋಡೆ ಹಿಡಿಸಿ ಮಂಚ ಮುಟ್ಟಿಸುವಷ್ಟರಲ್ಲಿ ಇಬ್ಬರೂ ಬೆವೆತು ಹೋಗಿದ್ದೆವು.

ಸುದ್ದಿ ಕೇಳಿ ಪಕ್ಕದ ಮನೆಯ ತಾತ ನೋಡಲು ಬಂದರು. “ಊರೋರ ಸೊಂಟನೆಲ್ಲ ತುಳಿದೋಳು ನೀನು. ಈಗ ನಿನ್ನ ತುಳಿಯೋರ್ನ ಎಲ್ಲಿಂದ ತರಾನವ್ವ?” ಅಂದರು. ನಗು ಬಂತು. ನಕ್ಕರೂ ನೋಯುತ್ತಿತ್ತು.

ಆನೇಕಲ್ಲಿನಲ್ಲಿರುವ ಅಕ್ಕ ಫೋನು ಮಾಡಿದಳು. “ಡಿಸ್ಕ್ ಜಾರಿರ್ತದೆ ಕಣೆ. ನಮ್ಮ ಎದುರುಮನೆಯೋಳ್ಗೂ ಇಂಗೇ ಆಗಿ ಆಪರೇಷನ್ ಮಾಡಿದ್ರು. ನೀನು ಮಾತ್ರ ಬಗ್ಗಬ್ಯಾಡ.”

ಬಗ್ಗಲಿಲ್ಲ. ಆಸ್ಪತ್ರೆಗೆ ಹೋದಾಗ ವೈದ್ಯರು ಮಂಡಿಗೆ ಚಿಕ್ಕ ಸುತ್ತಿಗೆ ತಟ್ಟಿ, ಕಾಲು ಎತ್ತಿಸಿ ನೋಡಿ, ಆಪರೇಷನ್ನೂ ಬೇಡ, ಸದ್ಯಕ್ಕೆ ಸ್ಕ್ಯಾನೂ ಬೇಡ, ವ್ಯಾಯಾಮ ಕಲಿತುಕೊಳ್ಳಿ ಅಂದರು. ನನಗೆ ನಂಬಿಕೆ ಬರಲಿಲ್ಲ. ಒಳಗೆ ನೋಡದೆ ಇವರಿಗೆ ಹೇಗೆ ಗೊತ್ತಾಗುತ್ತದೆ? ಕೆಲವು ದಿನಗಳಲ್ಲಿ ನೋವೇನೋ ತಗ್ಗಿತು, ಭಯ ತಗ್ಗಲಿಲ್ಲ. ಹಲಗೆಯಂತೆ ನೆಟ್ಟಗೆ ಮಲಗುತ್ತಿದ್ದೆ, ಹಲಗೆಯಂತೆಯೇ ಏಳುತ್ತಿದ್ದೆ. ಚಪ್ಪಲಿಗೆ ಕಾಲು ತೂರಿಸುವವರು ಗಂಡ. ಅಡುಗೆಯೂ ಅವರದೇ. ಅವರಿಗೆ ಬರುತ್ತಿದ್ದದ್ದು ಉಪ್ಪಿಟ್ಟು ಒಂದೇ. ಪಾಪ, ಹುಡುಗಿಯರು ದಿನವೂ ಅದನ್ನೇ ತಿಂದರು.

ಕೊನೆಗೆ ಗಂಡ ನನ್ನನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋದರು. ಮೆಡಿಕಲ್ ಅಂಗಡಿಯ ಮೇಲೆ ಒಂದು ಚಿಕ್ಕ ಕೋಣೆ, ಅಲ್ಲಿ ವ್ಯಾಯಾಮ ಕಲಿಸುವವಳು ಧಾರವಾಡದ ಕಡೆಯ ಹೆಣ್ಣುಮಗಳು. ಎಲ್ಲ ಕೇಳಿಕೊಂಡ ಮೇಲೆ ನೆಲದ ಮೇಲೊಂದು ದಿಂಬು ಇಟ್ಟು, “ಅದನ್ನ ಎತ್ತಿ ಕೊಡ್ರಿ ಅಕ್ಕಾರ” ಅಂದಳು.

“ಆಗಲ್ಲ ಮೇಡಂ. ಡಿಸ್ಕ್ ಜಾರಿಬಿಡುತ್ತೆ.”

ಅವಳು ನಗಲಿಲ್ಲ. “ಬೆನ್ನು ಇರೂದ ಬಗ್ಗಾಕ್ರಿ. ನೋವು ಬಂತಂದ್ರ ಒಳಗ ಏನೋ ಮುರದೈತಿ ಅಂತಲ್ಲ. ಇಷ್ಟು ದಿನಾ ಬಿಗಿ ಹಿಡದೀರಿ ನೋಡ್ರಿ, ಅದಕ್ಕ ಹೆದರೈತಿ ಅದು.”

ಬೆನ್ನೂ ಹೆದರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಅಂಗಾತ ಮಲಗಿಸಿ ಒಂದೊಂದೇ ಮಂಡಿಯನ್ನು ಎದೆಗೆ ಎಳೆದುಕೊಳ್ಳಲು ಹೇಳಿದಳು. ಆಮೇಲೆ ಪಾದ ಊರಿ ಸೊಂಟ ಎತ್ತುವುದು. ಆಮೇಲೆ ಅಂಬೆಗಾಲಿಟ್ಟ ಮಗುವಿನಂತೆ ನಿಂತು ಬೆನ್ನನ್ನು ಗೂನು ಮಾಡುವುದು, ತಗ್ಗಿಸುವುದು. ಗಂಡ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದರು. “ಉಸುರು ಹಿಡೀಬ್ಯಾಡ್ರಿ” ಎಂದು ಅವಳು ನನಗೆ ಹೇಳಿದರೆ, ಹಿಂದೆ ನಿಂತಿದ್ದ ಅವರು ಜೋರಾಗಿ ಉಸಿರು ಬಿಟ್ಟರು.

ಅಂದಿನಿಂದ ಬೆಳಿಗ್ಗೆ ಹಾಲ್‌ನಲ್ಲಿ ಚಾಪೆ. ಅವರು ವಿಡಿಯೋ ನೋಡಿಕೊಂಡು, “ಎತ್ತು, ಇನ್ನೊಂಚೂರು ಎತ್ತು” ಎಂದು ಕೂಗುವುದು, ಕಾಫಿಗೆ ಇಳಿದು ಬಂದ ಹುಡುಗಿಯರು ಬಾಗಿಲಲ್ಲೇ ನಿಂತು ಕಿಸಕ್ಕೆನ್ನುವುದು. ಮೊದಮೊದಲು ನಾಚಿಕೆಯಾಗುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

ಸ್ವಲ್ಪ ಹಗುರವಾಯಿತೆಂದು ಒಂದು ದಿನ ರಾಶಿ ಬಟ್ಟೆ ಒಗೆದೆ. ಮರುದಿನ ಏಳುವಾಗ ಅದೇ ಹಳೆಯ ನೋವು. ವ್ಯಾಯಾಮ ಮಾಡಿಯೇ ಕೆಡಿಸಿಕೊಂಡೆ ಎಂದು ಮಂಚದ ಮೇಲೆ ಕೂತು ಅತ್ತುಬಿಟ್ಟೆ. ಗಂಡ ಆ ಹೆಣ್ಣುಮಗಳಿಗೆ ಫೋನು ಹಚ್ಚಿ ನನ್ನ ಕಿವಿಗೆ ಹಿಡಿದರು.

“ಕಾಲು ಜೋಮು ಹಿಡದೈತೇನ್ರಿ?” ಕೇಳಿದಳು.

“ಇಲ್ಲ.”

“ಕಾಲಾಗ ಶಕ್ತಿ ಕಮ್ಮಿ ಅನಸ್ತೈತೇನ್ರಿ? ಒಂದಕ್ಕ, ಎರಡಕ್ಕ ಹೋಗೂದು ಸರಿ ಐತಿ?”

“ಅದೆಲ್ಲ ಸರಿಯಾಗಿದೆ ಮೇಡಂ.”

“ಹಂಗಾರ ಹೆದರಬ್ಯಾಡ್ರಿ. ಹಿಂಗ ಏರೂದು ಇಳಿಯೂದು ಇದ್ದದ್ದ. ಇವತ್ತು ಅರ್ಧ ಮಾಡ್ರಿ, ಆದ್ರ ಬಿಡಬ್ಯಾಡ್ರಿ. ಮಲಗಿಬಿಡಬ್ಯಾಡ್ರಿ ಮತ್ತ, ಅಡ್ಡಾಡ್ರಿ.”

ಅಷ್ಟೇ. ಬೈಗುಳ ಇಲ್ಲ, ಆಪರೇಷನ್ ಮಾತಿಲ್ಲ. ಎದೆಯ ಮೇಲಿಂದ ಏನೋ ಕೆಳಗಿಳಿಸಿದಂತಾಯಿತು. ಸಂಜೆ ಇಬ್ಬರೂ ಮೆಟ್ರೋ ನಿಲ್ದಾಣದವರೆಗೆ ನಡೆದು ಹೋಗಿ, ಫುಟ್‌ಪಾತಿನಲ್ಲಿ ಕಡಲೆಕಾಯಿ ತಿಂದು ವಾಪಸ್ಸು ಬಂದೆವು. ಅವಳು ಅಂದಂತೆಯೇ ನೋವು ಇಳಿಯಿತು. ಈಗಲೂ ಕೆಲವು ಬೆಳಿಗ್ಗೆ ಸೊಂಟ ಬಿಗಿದಿರುತ್ತದೆ, ಆದರೆ ಅದಕ್ಕೆ ನಾನು ಗಾಬರಿಯಾಗುವುದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನ ಮೊಮ್ಮಗಳಿಗೆ ನಾಮಕರಣ. ಆನೇಕಲ್ಲಿಗೆ ಹೋದಾಗ ಊಟದ ಪಂಕ್ತಿಯ ಪಕ್ಕದಲ್ಲಿ ನನಗೆಂದೇ ಕುರ್ಚಿ, ಸ್ಟೂಲು ಹಾಕಿಸಿದ್ದಳು. ನಾನು ಸೀದಾ ಹೋಗಿ ಎಲ್ಲರ ಜೊತೆ ಚಾಪೆಯ ಮೇಲೆ ಕಾಲು ಮಡಚಿ ಕೂತೆ.

“ಏ, ಬ್ಯಾಡ ಕಣೆ, ಸೊಂಟ!” ಎಂದು ಅಕ್ಕ ದೂರದಿಂದಲೇ ಕೂಗಿದಳು.

ಅಷ್ಟರಲ್ಲಿ ಬಡಿಸುವವನು ಹುಯ್ದ ಸಾರು ಎಲೆಯ ಅಂಚಿಗೆ ಓಡುತ್ತಿತ್ತು. ಬಗ್ಗಿ ಅನ್ನದಿಂದ ಕಟ್ಟೆ ಕಟ್ಟಿದೆ. ಕಟ್ಟಿ ಮುಗಿಸಿದ ಮೇಲೆ ಗೊತ್ತಾಯಿತು, ಎಷ್ಟು ಬಗ್ಗಿದ್ದೆನೆಂದು. ಸೊಂಟದಲ್ಲಿ ಸಣ್ಣ ಎಳೆತ, ಅಷ್ಟೇ.

ಅಕ್ಕ ಬಂದು ಎದುರಿಗೆ ನಿಂತಳು. “ನೋಯ್ತಿಲ್ವೇನೆ ನಿಂಗೆ?”

“ಇಲ್ಲ ಕಣಕ್ಕ. ಇನ್ನೊಂದು ಹೋಳಿಗೆ ಹಾಕ್ಸು.”